ಮೊಣಕೈ ಮೂಳೆ ಮುರಿತ: ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಜೋಡಣಾ ವಿಧಾನಗಳ ತುಲನಾತ್ಮಕ ಮಾಹಿತಿ

ಪೀಠಿಕೆ

ರಸ್ತೆ ಅಪಘಾತ, ಮರದಿಂದ ಅಥವಾ ಏಣಿಯಿಂದ ಬೀಳುವುದು, ಬಚ್ಚಲುಮನೆಯಲ್ಲಿ ಜಾರುವುದು, ಮಕ್ಕಳು ಆಟವಾಡುವಾಗ ಕೈಯೂರಿ ಬೀಳುವುದು ಮುಂತಾದ ಕಾರಣಗಳಿಂದ ಮೊಣಕೈ ಮೂಳೆ ಮುರಿತಗಳು ಸಂಭವಿಸುತ್ತವೆ. ಇವುಗಳಲ್ಲಿ ಕೆಲವು ಪಟ್ಟಿಯಿಂದಲೇ ವಾಸಿಯಾಗುತ್ತವೆ. ಉಳಿದವುಗಳಿಗೆ ತಂತಿ, ಸ್ಕ್ರೂ, ಪ್ಲೇಟು ಅಥವಾ ಕೃತಕ ಕೀಲಿನ ನೆರವಿನಿಂದ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ.

ಪ್ಲೇಟು ಹಾಕಿಸಿದರೆ ಮಾತ್ರ ಮೂಳೆ ಗಟ್ಟಿಯಾಗಿ ಕೂಡುತ್ತದೆ, ದುಬಾರಿ ಲೋಹವೇ ಉತ್ತಮ ಎಂಬ ಅಭಿಪ್ರಾಯ ಸಾರ್ವಜನಿಕರಲ್ಲಿ ವ್ಯಾಪಕವಾಗಿದೆ. ವಾಸ್ತವದಲ್ಲಿ ಎಲ್ಲ ಮುರಿತಗಳಿಗೂ ಸಲ್ಲುವ ಒಂದೇ ಶ್ರೇಷ್ಠ ವಿಧಾನವೆಂಬುದು ಇರುವುದಿಲ್ಲ. ಪ್ರತಿಯೊಂದು ವಿಧಾನವೂ ಒಂದು ತೊಂದರೆಯನ್ನು ತಪ್ಪಿಸಿ ಮತ್ತೊಂದು ತೊಂದರೆಯ ಸಾಧ್ಯತೆಯನ್ನು ತರುತ್ತದೆ. ರೋಗಿಗಳು ಹಾಗೂ ಅವರ ಕುಟುಂಬದವರು ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಈ ವ್ಯತ್ಯಾಸಗಳನ್ನು ತಿಳಿದಿರುವುದು ಅಗತ್ಯವಾದ್ದರಿಂದ, ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಮೊಣಕೈ ಕೀಲಿನ ರಚನೆ

ಮೊಣಕೈಯಲ್ಲಿ ಮೂರು ಮೂಳೆಗಳು ಕೂಡುತ್ತವೆ. ಮೇಲ್ತೋಳಿನ ಮೂಳೆಯನ್ನು ಹ್ಯೂಮರಸ್ ಎಂದೂ, ಮುಂಗೈಯಲ್ಲಿ ಕಿರುಬೆರಳಿನ ಕಡೆಗಿರುವ ಮೂಳೆಯನ್ನು ಅಲ್ನಾ ಎಂದೂ, ಹೆಬ್ಬೆರಳಿನ ಕಡೆಗಿರುವ ಮೂಳೆಯನ್ನು ರೇಡಿಯಸ್ ಎಂದೂ ಕರೆಯಲಾಗುತ್ತದೆ. ಮೇಜಿನ ಮೇಲೆ ಮೊಣಕೈ ಊರಿದಾಗ ತಾಗುವ ಮೊನಚಾದ ಭಾಗವು ಅಲ್ನಾ ಮೂಳೆಯ ಮೇಲ್ತುದಿಯಾಗಿದ್ದು, ಅದಕ್ಕೆ ಓಲೆಕ್ರೆನನ್ ಎಂದು ಹೆಸರು. ತೋಳಿನ ಹಿಂಭಾಗದ ಟ್ರೈಸೆಪ್ಸ್ ಸ್ನಾಯು ಇದಕ್ಕೆ ಅಂಟಿಕೊಂಡಿದ್ದು, ಕೈಯನ್ನು ನೇರವಾಗಿ ಚಾಚುವ ಕಾರ್ಯವನ್ನು ನಿರ್ವಹಿಸುತ್ತದೆ. ಮೊಣಕೈಯ ಒಳಬದಿಯಲ್ಲಿ, ಚರ್ಮದ ಅಡಿಯಲ್ಲಿಯೇ ಅಲ್ನಾರ್ ನರವು ಹಾದುಹೋಗುತ್ತದೆ. ಮೊಣಕೈ ಎಲ್ಲಿಗಾದರೂ ತಗುಲಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನುವುದು ಈ ನರದಿಂದಲೇ.

ದೇಹದ ಇತರ ಕೀಲುಗಳಿಗಿಂತ ಮೊಣಕೈ ಬಹುಬೇಗ ಬಿಗಿದುಕೊಳ್ಳುವ ಸ್ವಭಾವ ಹೊಂದಿದೆ. ವಯಸ್ಕರಲ್ಲಿ ಮೂರು ವಾರಗಳಿಗಿಂತ ಹೆಚ್ಚು ಕಾಲ ಪಟ್ಟಿಯಲ್ಲಿ ಕಟ್ಟಿಟ್ಟ ಮೊಣಕೈ ನಂತರ ಪೂರ್ಣವಾಗಿ ಮಡಿಸಲು ಅಥವಾ ಚಾಚಲು ಬಾರದಂತಾಗುವ ಸಂಭವವಿರುತ್ತದೆ. ಉಣ್ಣುವುದು, ತಲೆ ಬಾಚುವುದು, ಬಾಗಿಲು ತೆರೆಯುವುದು ಮುಂತಾದ ಬಹುತೇಕ ದಿನನಿತ್ಯದ ಕೆಲಸಗಳಿಗೆ ಮೊಣಕೈ 30 ಡಿಗ್ರಿಯಿಂದ 130 ಡಿಗ್ರಿಯವರೆಗೆ ಚಲಿಸಿದರೆ ಸಾಕೆಂದು 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಈ ಚಲನೆಯನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆಯ ಮುಖ್ಯ ಗುರಿ. ಆದುದರಿಂದ, ಮೂಳೆ ಕೂಡುವ ಮೊದಲೇ ಕೈಯನ್ನು ಆಡಿಸಲು ಅವಕಾಶವಾಗುವಷ್ಟು ಭದ್ರವಾಗಿ ತುಂಡುಗಳನ್ನು ಹಿಡಿದಿಡುವುದು ಶಸ್ತ್ರಚಿಕಿತ್ಸೆಯ ಉದ್ದೇಶವಾಗಿರುತ್ತದೆ.

2. ಯಾವ ಮುರಿತಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ?

ಮೂಳೆಯಲ್ಲಿ ಬಿರುಕು ಮಾತ್ರ ಇದ್ದು ತುಂಡುಗಳು ಸ್ಥಾನ ಬಿಟ್ಟು ಸರಿಯದಿದ್ದಲ್ಲಿ, ಪಟ್ಟಿ ಅಥವಾ ತೋಳುಜೋಲಿಯಿಂದಲೇ ಚಿಕಿತ್ಸೆ ನೀಡಲಾಗುತ್ತದೆ. ಈ ಕೆಳಕಂಡ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನು ಸೂಚಿಸಲಾಗುತ್ತದೆ:

ಅ) ಮೂಳೆಯ ತುಂಡುಗಳು ದೂರ ಸರಿದಿರುವುದು ಅಥವಾ ಕೀಲಿನ ಒಳಮೈ ಏರುಪೇರಾಗಿರುವುದು.
ಆ) ಮುರಿತದೊಂದಿಗೆ ಕೀಲು ತಪ್ಪಿರುವುದು.
ಇ) ಚರ್ಮ ಹರಿದು ಮೂಳೆ ಹೊರಗೆ ಕಾಣುವಂತಿರುವುದು. ಇಂತಹ ಗಾಯವನ್ನು ತೊಳೆದು ಶುದ್ಧಗೊಳಿಸುವುದು ಹಾಗೂ ಸೋಂಕು ನಿರೋಧಕ ಔಷಧಿ ನೀಡುವುದು ತುರ್ತು ಕಾರ್ಯ.
ಈ) ರಕ್ತನಾಳಕ್ಕೆ ಪೆಟ್ಟಾಗಿ ಕೈಗೆ ರಕ್ತಸಂಚಾರ ಕಡಿಮೆಯಾಗಿರುವುದು.

ಎಕ್ಸ್-ರೇ ಎಲ್ಲರಿಗೂ ಅಗತ್ಯ. ಮೂಳೆ ಹಲವು ಚೂರುಗಳಾಗಿದ್ದಲ್ಲಿ ಸಿ.ಟಿ. ಸ್ಕ್ಯಾನ್ ಕೂಡ ಬೇಕಾಗಬಹುದು.

3. ಓಲೆಕ್ರೆನನ್ ಮುರಿತ: ತಂತಿಯೋ, ಪ್ಲೇಟೋ?

ಮೊಣಕೈ ಊರಿ ಬಿದ್ದಾಗ ಓಲೆಕ್ರೆನನ್ ಮುರಿಯುತ್ತದೆ. ಮುರಿದ ತುಂಡನ್ನು ಟ್ರೈಸೆಪ್ಸ್ ಸ್ನಾಯು ಮೇಲಕ್ಕೆ ಎಳೆಯುವುದರಿಂದ ನಡುವೆ ಅಂತರ ಉಂಟಾಗಿ, ರೋಗಿಗೆ ಕೈಯನ್ನು ತಾನಾಗಿ ಚಾಚಲು ಸಾಧ್ಯವಾಗುವುದಿಲ್ಲ. ಇದಕ್ಕೆ ಎರಡು ವಿಧಾನಗಳು ಪ್ರಮುಖವಾಗಿ ಬಳಕೆಯಲ್ಲಿವೆ.

3.1 ಟೆನ್ಷನ್ ಬ್ಯಾಂಡ್ ತಂತಿ ವಿಧಾನ: ಕೆ-ವೈರ್ ಎಂಬ ಎರಡು ನೇರ ಕಡ್ಡಿಗಳನ್ನು ಮುರಿತದ ಮೂಲಕ ಸೇರಿಸಿ, ಮೂಳೆಯ ಹಿಂಬದಿಯಲ್ಲಿ ಎಂಟರ ಆಕಾರದಲ್ಲಿ ಉಕ್ಕಿನ ತಂತಿಯನ್ನು ಬಿಗಿಯಲಾಗುತ್ತದೆ. ಸ್ನಾಯು ಎಳೆದಾಗ ಮುರಿತದ ಹಿಂಬದಿ ತೆರೆದುಕೊಳ್ಳದಂತೆ ತಂತಿ ತಡೆಯುವುದರಿಂದ, ಅದೇ ಎಳೆತವು ಮುರಿತದ ಎರಡು ಮೈಗಳನ್ನು ಒಂದಕ್ಕೊಂದು ಒತ್ತುವಂತೆ ಮಾಡುತ್ತದೆ ಎಂಬುದು ಇದರ ತತ್ವ. ಓಲೆಕ್ರೆನನ್ ಮುರಿತಕ್ಕೆ ಈ ವಿಧಾನವನ್ನು ವೆಬರ್ ಮತ್ತು ವೇಸಿ ಎಂಬ ವೈದ್ಯರು 1963ರಲ್ಲಿ ವಿವರಿಸಿದರು. ಮೂಳೆ ಅಡ್ಡಲಾಗಿ ಎರಡೇ ತುಂಡಾಗಿದ್ದಲ್ಲಿ ಇದು ಸೂಕ್ತ. ಬಳಸುವ ಸಾಮಗ್ರಿ ಸರಳ, ವೆಚ್ಚ ಕಡಿಮೆ. ಆದರೆ ಈ ಭಾಗದಲ್ಲಿ ಮೂಳೆಯ ಮೇಲೆ ತೆಳುವಾದ ಚರ್ಮ ಮಾತ್ರ ಇರುವುದರಿಂದ, ಕಡ್ಡಿಯ ತುದಿಗಳು ಹಿಂದಕ್ಕೆ ಸರಿದು ಚರ್ಮಕ್ಕೆ ಚುಚ್ಚುವುದು ಸಾಮಾನ್ಯವಾಗಿ ಕಂಡುಬರುವ ತೊಂದರೆ. ಅನೇಕರಿಗೆ ಮೂಳೆ ಕೂಡಿದ ನಂತರ ತಂತಿ ತೆಗೆಸಲು ಎರಡನೇ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

3.2 ಪ್ಲೇಟು ವಿಧಾನ: ಮೂಳೆಯ ಆಕಾರಕ್ಕೆ ತಕ್ಕಂತೆ ಬಾಗಿಸಿದ ಪ್ಲೇಟನ್ನು ಹಿಂಬದಿಯಲ್ಲಿಟ್ಟು ಸ್ಕ್ರೂಗಳಿಂದ ಬಿಗಿಯಲಾಗುತ್ತದೆ. ಮೂಳೆ ಹಲವು ಚೂರುಗಳಾಗಿದ್ದಾಗ, ಮುರಿತವು ಓರೆಯಾಗಿದ್ದಾಗ ಅಥವಾ ಕೀಲು ತಪ್ಪಿದ್ದಾಗ ತಂತಿ ವಿಧಾನ ಸಾಲದು. ತಂತಿಯನ್ನು ಬಿಗಿದರೆ ಚೂರುಗಳು ಕುಸಿದು ಕೀಲಿನ ಒಳಮೈ ಕಿರಿದಾಗುವ ಅಪಾಯವಿರುವುದರಿಂದ ಇಲ್ಲಿ ಪ್ಲೇಟೇ ಸೂಕ್ತ. ಇದರ ವೆಚ್ಚ ಹೆಚ್ಚು, ತೆಳುಚರ್ಮದ ಕೆಳಗೆ ಇರಿಸುವ ಲೋಹದ ಗಾತ್ರವೂ ಹೆಚ್ಚು.

3.3 ಎರಡರ ಹೋಲಿಕೆ: ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಥಾನ ಬಿಟ್ಟ ಓಲೆಕ್ರೆನನ್ ಮುರಿತವಿದ್ದ 67 ರೋಗಿಗಳನ್ನು ಚೀಟಿ ಎತ್ತುವ ಮಾದರಿಯಲ್ಲಿ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ತಂತಿಯನ್ನೂ ಮತ್ತೊಂದಕ್ಕೆ ಪ್ಲೇಟನ್ನೂ ಬಳಸಲಾಯಿತು. ಒಂದು ವರ್ಷದ ನಂತರ ಕೈಯ ಕಾರ್ಯಕ್ಷಮತೆಯಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ತಂತಿ ಹಾಕಿಸಿಕೊಂಡವರಲ್ಲಿ ಶೇ. 50ರಷ್ಟು ಮಂದಿಗೆ ಲೋಹವನ್ನು ತೆಗೆಸಬೇಕಾಯಿತು. ಪ್ಲೇಟು ಹಾಕಿಸಿಕೊಂಡವರಲ್ಲಿ ಈ ಪ್ರಮಾಣ ಶೇ. 22 ಆಗಿತ್ತು. ಆದರೆ ಅಧ್ಯಯನದಲ್ಲಿ ಕಂಡುಬಂದ ನಾಲ್ಕು ಸೋಂಕು ಪ್ರಕರಣಗಳೆಲ್ಲವೂ ಪ್ಲೇಟಿನ ಗುಂಪಿನವು.

ಅಂದರೆ, ತಂತಿಯ ತೊಂದರೆ ಹೆಚ್ಚು ಮಂದಿಗೆ ಬರುತ್ತದೆಯಾದರೂ ಬಹುತೇಕ ಸಣ್ಣದು. ಪ್ಲೇಟಿನ ತೊಂದರೆ ಕಡಿಮೆ ಮಂದಿಗೆ ಬರುತ್ತದೆಯಾದರೂ ಬಂದಲ್ಲಿ ದೊಡ್ಡದಾಗಬಹುದು. ಸರಳ ಮುರಿತಕ್ಕೆ ವೈದ್ಯರು ತಂತಿ ವಿಧಾನವನ್ನು ಸೂಚಿಸಿದಲ್ಲಿ, ಕಡಿಮೆ ದರ್ಜೆಯ ಚಿಕಿತ್ಸೆ ನೀಡಲಾಗುತ್ತಿದೆಯೆಂದು ಭಾವಿಸಬೇಕಾಗಿಲ್ಲ.

3.4 ವಯೋವೃದ್ಧರಲ್ಲಿ: ಅದೇ ನಗರದಲ್ಲಿ 75 ವರ್ಷ ಮತ್ತು ಮೇಲ್ಪಟ್ಟವರನ್ನು ಕುರಿತು ನಡೆಸಿ 2017ರಲ್ಲಿಯೇ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯನ್ನೂ, ಶಸ್ತ್ರಚಿಕಿತ್ಸೆ ಇಲ್ಲದೆ ತೋಳುಜೋಲಿಯಲ್ಲಿ ಇರಿಸುವುದನ್ನೂ ಹೋಲಿಸಲಾಯಿತು. ಶಸ್ತ್ರಚಿಕಿತ್ಸೆಗೆ ಒಳಗಾದ 11 ಮಂದಿಯಲ್ಲಿ 9 ಮಂದಿಗೆ ತೊಂದರೆಗಳು ಕಾಣಿಸಿಕೊಂಡಿದ್ದರಿಂದ, 19 ರೋಗಿಗಳ ನಂತರ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಒಂದು ವರ್ಷದ ಬಳಿಕ ಕೈಯ ಬಳಕೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ರೋಗಿಗಳ ಸಂಖ್ಯೆ ಚಿಕ್ಕದಾದರೂ, ಮೂಳೆ ಸವೆದು ಚರ್ಮ ತೆಳುವಾಗಿರುವ, ಮನೆಯೊಳಗಿನ ಓಡಾಟಕ್ಕೆ ಸೀಮಿತರಾಗಿರುವ ಹಿರಿಯರಿಗೆ ಶಸ್ತ್ರಚಿಕಿತ್ಸೆ ಮಾಡದಿರುವುದೂ ಒಂದು ಚಿಕಿತ್ಸಾಕ್ರಮವೇ ಆಗಿದೆ. ಈ ಬಗ್ಗೆ ತಜ್ಞರಲ್ಲಿ ವಿಚಾರಿಸಲು ಕುಟುಂಬದವರು ಹಿಂಜರಿಯಬಾರದು.

4. ಹ್ಯೂಮರಸ್ ಮೂಳೆಯ ಕೆಳತುದಿಯ ಮುರಿತ

4.1 ಎರಡು ಪ್ಲೇಟುಗಳ ವಿಧಾನ: ವಯಸ್ಕರಲ್ಲಿ ಈ ಮುರಿತವು ಬಹುತೇಕ ಕೀಲಿನೊಳಕ್ಕೆ ಹಬ್ಬಿರುತ್ತದೆ. ಹ್ಯೂಮರಸ್‌ನ ಕೆಳಭಾಗವು ಒಳಬದಿ ಮತ್ತು ಹೊರಬದಿಯ ಎರಡು ಕಂಬಗಳಂತಿದ್ದು, ಎರಡನ್ನೂ ಪ್ರತ್ಯೇಕ ಪ್ಲೇಟುಗಳಿಂದ ಭದ್ರಪಡಿಸಬೇಕಾಗುತ್ತದೆ. ಪ್ಲೇಟುಗಳನ್ನು ಎರಡು ಬದಿಗಳಲ್ಲಿ ಎದುರುಬದುರಾಗಿ ಇರಿಸಬಹುದು, ಅಥವಾ ಒಂದನ್ನು ಒಳಬದಿಯಲ್ಲೂ ಮತ್ತೊಂದನ್ನು ಹಿಂಬದಿಯಲ್ಲೂ ಲಂಬಕೋನದಲ್ಲಿ ಇರಿಸಬಹುದು. ಈ ಎರಡು ಜೋಡಣೆಗಳನ್ನು ರೋಗಿಗಳಲ್ಲಿ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಅಂತಿಮ ಫಲಿತಾಂಶ ಹೆಚ್ಚುಕಡಿಮೆ ಸಮಾನವಾಗಿಯೇ ಕಂಡುಬಂದಿದೆ. ಆದುದರಿಂದ ಈ ಆಯ್ಕೆಯನ್ನು ಮುರಿತದ ಸ್ವರೂಪಕ್ಕೆ ಅನುಗುಣವಾಗಿ ಶಸ್ತ್ರಚಿಕಿತ್ಸಕರಿಗೆ ಬಿಡುವುದು ಯುಕ್ತ.

ಇದು ದೀರ್ಘವಾದ ಶಸ್ತ್ರಚಿಕಿತ್ಸೆ. ಕೀಲಿನ ಒಳಭಾಗವನ್ನು ನೋಡುವ ಸಲುವಾಗಿ ಓಲೆಕ್ರೆನನ್ ಮೂಳೆಯನ್ನು ಕತ್ತರಿಸಿ, ಕೊನೆಯಲ್ಲಿ ಮತ್ತೆ ಜೋಡಿಸುವ ಕ್ರಮವೂ ಇದೆ. ಎಕ್ಸ್-ರೇಯಲ್ಲಿ ಅಲ್ಲಿಯೂ ಲೋಹ ಕಂಡುಬಂದಲ್ಲಿ ಗಾಬರಿಯಾಗಬೇಕಾಗಿಲ್ಲ. ಅಲ್ನಾರ್ ನರವನ್ನು ಸರಿಸಿ ಕಾಪಾಡಬೇಕಾಗುವುದರಿಂದ, ಕೆಲವರಿಗೆ ಕಿರುಬೆರಳು ಹಾಗೂ ಉಂಗುರಬೆರಳಿನಲ್ಲಿ ಕೆಲಕಾಲ ಜೋಮು ಉಳಿಯಬಹುದು.

4.2 ಕೃತಕ ಮೊಣಕೈ ಕೀಲು: ವಯಸ್ಸಾದವರಲ್ಲಿ ಮೂಳೆ ಸಡಿಲವಾಗಿದ್ದು, ಚೂರುಗಳು ಸ್ಕ್ರೂ ಹಿಡಿಯದಷ್ಟು ಚಿಕ್ಕದಾಗಿದ್ದಲ್ಲಿ ಇಡೀ ಕೀಲನ್ನು ಬದಲಾಯಿಸಬಹುದು. ಕೆನಡಾದಲ್ಲಿ 65 ವರ್ಷ ಮೇಲ್ಪಟ್ಟ 42 ರೋಗಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷಗಳ ನಂತರ ವೈದ್ಯರು ಅಳೆದ ಅಂಕಗಳ ಪ್ರಕಾರ ಕೃತಕ ಕೀಲಿನವರ ಸ್ಥಿತಿ ಪ್ಲೇಟಿನವರಿಗಿಂತ ಉತ್ತಮವಾಗಿತ್ತು. ಪ್ಲೇಟಿನ ಗುಂಪಿಗೆ ಸೇರಿದ್ದ ಐವರಲ್ಲಿ ಭದ್ರವಾದ ಜೋಡಣೆ ಸಾಧ್ಯವಾಗದೆ, ಶಸ್ತ್ರಚಿಕಿತ್ಸೆಯ ವೇಳೆಯಲ್ಲಿಯೇ ಕೃತಕ ಕೀಲು ಅಳವಡಿಸಬೇಕಾಯಿತು.

ಆದರೆ ಕೃತಕ ಕೀಲು ಅಳವಡಿಸಿದ ಕೈಯಲ್ಲಿ ಸುಮಾರು 5 ಕಿಲೋಗ್ರಾಂಗಿಂತ ಹೆಚ್ಚಿನ ಭಾರವನ್ನು ಜೀವನಪರ್ಯಂತ ಎತ್ತಬಾರದೆಂದು ಸಾಮಾನ್ಯವಾಗಿ ಸೂಚಿಸಲಾಗುತ್ತದೆ. ನೀರು ತುಂಬಿದ ಒಂದು ಕೊಡದ ತೂಕವೇ ಇದಕ್ಕಿಂತ ಹೆಚ್ಚು. ಆದ್ದರಿಂದ ಕೃಷಿ, ಕೂಲಿ, ಕಟ್ಟಡ ಕೆಲಸಗಳಲ್ಲಿ ತೊಡಗಿರುವವರಿಗೆ ಹಾಗೂ ಕಡಿಮೆ ವಯಸ್ಸಿನವರಿಗೆ, ಸಾಧ್ಯವಿರುವಷ್ಟರ ಮಟ್ಟಿಗೆ ಸ್ವಂತ ಮೂಳೆಯನ್ನು ಜೋಡಿಸುವುದೇ ಮೇಲು. ರೋಗಿಯ ಉದ್ಯೋಗವನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು.

5. ರೇಡಿಯಸ್ ಮೂಳೆಯ ತಲೆಯ ಮುರಿತ

ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಲು ರೇಡಿಯಸ್‌ನ ದುಂಡಾದ ತಲೆ ಅಗತ್ಯ. ಸ್ಥಾನ ಬಿಡದ ಮುರಿತಕ್ಕೆ ಕೆಲವೇ ದಿನಗಳ ತೋಳುಜೋಲಿ ಸಾಕಾಗುತ್ತದೆ. ಎರಡು ಮೂರು ತುಂಡುಗಳಾಗಿದ್ದಲ್ಲಿ ಸಣ್ಣ ಸ್ಕ್ರೂಗಳಿಂದ ಜೋಡಿಸಬಹುದು. ಮೂರಕ್ಕಿಂತ ಹೆಚ್ಚು ತುಂಡುಗಳಾದಾಗ ಜೋಡಣೆ ವಿಫಲವಾಗುವ ಸಂಭವ ಹೆಚ್ಚೆಂದು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವು ತೋರಿಸಿತು. ಇಂತಹ ಸಂದರ್ಭದಲ್ಲಿ, ವಿಶೇಷವಾಗಿ ಕೀಲು ಅಸ್ಥಿರವಾಗಿದ್ದಲ್ಲಿ, ಲೋಹದ ಕೃತಕ ತಲೆಯನ್ನು ಅಳವಡಿಸಲಾಗುತ್ತದೆ.

6. ಮಕ್ಕಳಲ್ಲಿ ಮೊಣಕೈ ಮೇಲ್ಭಾಗದ ಮುರಿತ

ಮಕ್ಕಳ ಮೊಣಕೈ ಮುರಿತಗಳಲ್ಲಿ ಹ್ಯೂಮರಸ್‌ನ ಕೆಳತುದಿಗೆ ಸ್ವಲ್ಪ ಮೇಲೆ ಆಗುವ ಮುರಿತವೇ ಅತ್ಯಂತ ಸಾಮಾನ್ಯ. ಐದರಿಂದ ಏಳು ವರ್ಷದವರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ತುಂಡುಗಳು ಪೂರ್ಣವಾಗಿ ಬೇರ್ಪಟ್ಟಿದ್ದಲ್ಲಿ ಅರಿವಳಿಕೆ ನೀಡಿ, ಸಿ-ಆರ್ಮ್ ಯಂತ್ರದ ಪರದೆಯಲ್ಲಿ ನೋಡುತ್ತಾ ಮೂಳೆಯನ್ನು ಸ್ಥಾನಕ್ಕೆ ತಂದು, ಚರ್ಮದ ಮೂಲಕ ಕಡ್ಡಿಗಳನ್ನು ಸೇರಿಸಲಾಗುತ್ತದೆ. ಬಹುತೇಕ ಮಕ್ಕಳಲ್ಲಿ ದೊಡ್ಡ ಗಾಯ ಮಾಡಬೇಕಾಗುವುದಿಲ್ಲ. ಮೂರರಿಂದ ನಾಲ್ಕು ವಾರಗಳಲ್ಲಿ ಕಡ್ಡಿಗಳನ್ನು ಹೊರರೋಗಿ ವಿಭಾಗದಲ್ಲಿಯೇ ತೆಗೆಯಬಹುದು.

ಕಡ್ಡಿಗಳನ್ನು ಎರಡು ರೀತಿಯಲ್ಲಿ ಸೇರಿಸುವ ಪದ್ಧತಿ ಇದೆ. ಒಳ ಮತ್ತು ಹೊರ ಎರಡೂ ಬದಿಗಳಿಂದ ಸೇರಿಸಿದ ಅಡ್ಡಕಡ್ಡಿಗಳು ಮೂಳೆ ತಿರುಚದಂತೆ ಹೆಚ್ಚು ಭದ್ರವಾಗಿ ಹಿಡಿಯುತ್ತವೆ; ಆದರೆ ಒಳಬದಿಯ ಕಡ್ಡಿಯಿಂದ ಅಲ್ನಾರ್ ನರಕ್ಕೆ ಪೆಟ್ಟಾಗುವ ಸಾಧ್ಯತೆಯಿದೆ. ಹೊರಬದಿಯಿಂದ ಮಾತ್ರ ಸೇರಿಸಿದ ಎರಡು ಅಥವಾ ಮೂರು ಕಡ್ಡಿಗಳಿಂದ ಈ ನರಕ್ಕೆ ಅಪಾಯ ತೀರ ಕಡಿಮೆ. ಆದರೆ ಅವುಗಳನ್ನು ಸಾಕಷ್ಟು ಅಂತರದಲ್ಲಿ ಸರಿಯಾಗಿ ಇರಿಸಬೇಕು. 52 ಮಕ್ಕಳಲ್ಲಿ ಎರಡನ್ನೂ ಹೋಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫಲಿತಾಂಶಗಳು ಸಮಾನವಾಗಿದ್ದವು. ಕಡ್ಡಿ ಎಲ್ಲಿಂದ ಸೇರಿತು ಎಂಬುದಕ್ಕಿಂತ ಮಗು ಎಷ್ಟು ಬೇಗ ಆಸ್ಪತ್ರೆ ತಲುಪಿತು ಎಂಬುದೇ ಅನೇಕ ಬಾರಿ ನಿರ್ಣಾಯಕವಾಗುತ್ತದೆ.

ಪೋಷಕರ ವಿಶೇಷ ಗಮನಕ್ಕೆ: ಮೊಣಕೈ ಊದಿಕೊಂಡಿರುವಾಗ ಬಿಗಿಯಾದ ಕಟ್ಟು ಕಟ್ಟಿಸುವುದು ಅಪಾಯಕರ. ಊತ ಹೊರಬರಲು ದಾರಿಯಿಲ್ಲದೆ ಮುಂಗೈಯ ಸ್ನಾಯುಗಳಿಗೆ ರಕ್ತ ನಿಂತುಹೋದಲ್ಲಿ, ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸತ್ತು ಬೆರಳುಗಳು ಶಾಶ್ವತವಾಗಿ ಮಡಿಚಿಕೊಳ್ಳುತ್ತವೆ. ಜರ್ಮನಿಯ ವೈದ್ಯ ಫೋಕ್‌ಮನ್ 1881ರಲ್ಲಿ ವಿವರಿಸಿದ ಈ ವೈಕಲ್ಯವನ್ನು ಯಾವ ಪ್ಲೇಟಿನಿಂದಲೂ, ತಂತಿಯಿಂದಲೂ ಸರಿಪಡಿಸಲಾಗುವುದಿಲ್ಲ. ನಾಟಿ ಕಟ್ಟು ಕಟ್ಟಿಸಿ ಕೆಲವು ದಿನ ಕಾದು ನೋಡೋಣವೆಂಬ ನಿರ್ಧಾರವು ಮಗುವಿನ ಕೈಯನ್ನೇ ಕಳೆಯಬಹುದು. ನೋವು ಹೆಚ್ಚುತ್ತಲೇ ಹೋಗುವುದು, ಬೆರಳುಗಳನ್ನು ಬಿಡಿಸಿದರೆ ಮಗು ಚೀರುವುದು, ಬೆರಳು ಬಿಳಿಚುವುದು, ತಣ್ಣಗಾಗುವುದು ಅಥವಾ ಜೋಮು ಹಿಡಿಯುವುದು ಕಂಡುಬಂದಲ್ಲಿ, ಆಸ್ಪತ್ರೆಯಲ್ಲಿ ಹಾಕಿದ ಪಟ್ಟಿಯೇ ಆಗಿದ್ದರೂ, ರಾತ್ರಿಯೆನ್ನದೆ ಕೂಡಲೇ ಆಸ್ಪತ್ರೆಗೆ ಕರೆತರತಕ್ಕದ್ದು.

7. ವಿಧಾನಗಳ ತುಲನೆ: ಸಾರಾಂಶ

ಅ) ಟೆನ್ಷನ್ ಬ್ಯಾಂಡ್ ತಂತಿ: ಓಲೆಕ್ರೆನನ್‌ನ ಸರಳ ಅಡ್ಡ ಮುರಿತಕ್ಕೆ. ಅನುಕೂಲ: ಕಡಿಮೆ ವೆಚ್ಚ. ಅನಾನುಕೂಲ: ತಂತಿ ಚುಚ್ಚುವುದು, ತೆಗೆಸಬೇಕಾಗುವುದು.
ಆ) ಓಲೆಕ್ರೆನನ್ ಪ್ಲೇಟು: ಚೂರಾದ ಅಥವಾ ಓರೆಯಾದ ಮುರಿತಕ್ಕೆ. ಅನುಕೂಲ: ಭದ್ರತೆ. ಅನಾನುಕೂಲ: ಹೆಚ್ಚಿನ ವೆಚ್ಚ, ಸೋಂಕಿನ ಸಾಧ್ಯತೆ.
ಇ) ಎರಡು ಪ್ಲೇಟುಗಳು: ವಯಸ್ಕರ ಹ್ಯೂಮರಸ್ ಕೆಳತುದಿಯ ಮುರಿತಕ್ಕೆ. ಅನುಕೂಲ: ಸ್ವಂತ ಕೀಲು ಉಳಿಯುತ್ತದೆ. ಅನಾನುಕೂಲ: ದೀರ್ಘ ಶಸ್ತ್ರಚಿಕಿತ್ಸೆ, ಬಿಗಿತ, ನರದ ಜೋಮು.
ಈ) ಕೃತಕ ಮೊಣಕೈ: ವಯೋವೃದ್ಧರ ಚೂರಾದ ಮುರಿತಕ್ಕೆ. ಅನುಕೂಲ: ಬೇಗ ಬಳಕೆ. ಅನಾನುಕೂಲ: ಜೀವನಪರ್ಯಂತ ಭಾರದ ಮಿತಿ.
ಉ) ಚರ್ಮದ ಮೂಲಕ ಕಡ್ಡಿಗಳು: ಮಕ್ಕಳ ಮುರಿತಕ್ಕೆ. ಅನುಕೂಲ: ದೊಡ್ಡ ಗಾಯವಿಲ್ಲ. ಅನಾನುಕೂಲ: ಕಡ್ಡಿಯ ಬುಡದಲ್ಲಿ ಸೋಂಕು, ನರಕ್ಕೆ ಪೆಟ್ಟಾಗುವ ಸಾಧ್ಯತೆ.

8. ಶಸ್ತ್ರಚಿಕಿತ್ಸೆಯ ನಂತರ

ವಯಸ್ಕರಲ್ಲಿ ಜೋಡಣೆ ಭದ್ರವಾಗಿದ್ದಲ್ಲಿ ಸಾಮಾನ್ಯವಾಗಿ ಮೊದಲ ಒಂದೆರಡು ವಾರಗಳೊಳಗೆ ಕೈಯನ್ನು ಮಡಿಸಿ ಬಿಡಿಸುವ ವ್ಯಾಯಾಮ ಆರಂಭಿಸಲಾಗುತ್ತದೆ. ನೋವಿನ ಭಯದಿಂದ ಕೈಯನ್ನು ಆಡಿಸದೆ ಇರುವುದು ಉತ್ತಮ ಶಸ್ತ್ರಚಿಕಿತ್ಸೆಯನ್ನೂ ನಿಷ್ಫಲಗೊಳಿಸಬಹುದು. ಅಂತೆಯೇ, ಬಿಗಿತ ಬಿಡಿಸಲು ಎಣ್ಣೆ ಹಚ್ಚಿ ತಿಕ್ಕುವುದು, ಮತ್ತೊಬ್ಬರು ಬಲವಂತವಾಗಿ ಎಳೆಯುವುದು, ಬಕೆಟ್ಟಿನಲ್ಲಿ ಭಾರ ತೂಗಿಸುವುದು ಸಲ್ಲದು. ಇದರಿಂದ ಸ್ನಾಯುವಿನೊಳಗೆ ಮೂಳೆ ಬೆಳೆದು ಕೀಲು ಮತ್ತಷ್ಟು ಬಿಗಿಯಬಹುದು. ರೋಗಿಯು ತನ್ನ ಸ್ವಂತ ಸ್ನಾಯುಬಲದಿಂದ ಮಾಡುವ ಚಲನೆಯೇ ಸುರಕ್ಷಿತ.

ಜ್ವರ, ಗಾಯದಿಂದ ಕೀವು, ಹೆಚ್ಚುವ ಊತ ಅಥವಾ ಚರ್ಮದ ಹೊರಗೆ ಲೋಹ ಕಾಣುವುದು ಕಂಡುಬಂದಲ್ಲಿ ನಿಗದಿತ ದಿನಾಂಕಕ್ಕೆ ಕಾಯದೆ ಆಸ್ಪತ್ರೆಗೆ ಬರತಕ್ಕದ್ದು.

9. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಅ) ಯಾವ ಮೂಳೆ, ಎಷ್ಟು ತುಂಡುಗಳಾಗಿ ಮುರಿದಿದೆ?
ಆ) ಶಸ್ತ್ರಚಿಕಿತ್ಸೆ ಮಾಡದಿದ್ದಲ್ಲಿ ಏನಾಗಬಹುದು?
ಇ) ಸೂಚಿಸಿರುವ ವಿಧಾನವಲ್ಲದೆ ಬೇರೆ ವಿಧಾನವಿದೆಯೇ? ಇದನ್ನೇ ಆಯ್ದ ಕಾರಣವೇನು?
ಈ) ಲೋಹವನ್ನು ಮುಂದೆ ತೆಗೆಸಬೇಕಾಗಬಹುದೇ?
ಉ) ವ್ಯಾಯಾಮ ಯಾವಾಗ ಆರಂಭ? ರೋಗಿಯು ತನ್ನ ಉದ್ಯೋಗಕ್ಕೆ ಯಾವಾಗ ಮರಳಬಹುದು?

ಈ ಪ್ರಶ್ನೆಗಳಿಗೆ ಅರ್ಥವಾಗುವ ಭಾಷೆಯಲ್ಲಿ ಉತ್ತರ ಪಡೆಯುವುದು ರೋಗಿಯ ಹಕ್ಕು.

10. ಸೌಲಭ್ಯ ಕೋರುವವರ ಗಮನಕ್ಕೆ

ರಾಜ್ಯದಲ್ಲಿ 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಬಯಸುವವರು ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಸಂಪರ್ಕಿಸಿ, ತಮಗೆ ಅನ್ವಯಿಸುವ ನಿಯಮಗಳನ್ನು ತಿಳಿದುಕೊಳ್ಳುವುದು. ತುರ್ತು ವಾಹನಕ್ಕೆ 108 ಹಾಗೂ ಯೋಜನೆಯ ರಾಷ್ಟ್ರೀಯ ಸಹಾಯವಾಣಿಗೆ 14555 ಸಂಖ್ಯೆಗೆ ಕರೆ ಮಾಡಬಹುದು. ರಸ್ತೆ ಅಪಘಾತದ ಗಾಯಾಳುಗಳಿಗೆ ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ಯೋಜನೆಯಡಿ, ನಿಯೋಜಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ ರೂ. 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಶಸ್ತ್ರಚಿಕಿತ್ಸೆಗೆ ಮುನ್ನ ಹಾಗೂ ನಂತರ ತೆಗೆದ ಎಕ್ಸ್-ರೇ, ಬಿಡುಗಡೆ ಪತ್ರ ಮತ್ತು ಅಳವಡಿಸಿದ ಲೋಹದ ವಿವರಗಳ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಲೋಹ ತೆಗೆಸುವಾಗ, ಪರಿಹಾರ ಕೋರುವಾಗ ಇವು ಉಪಯುಕ್ತವಾಗುತ್ತವೆ. ಚಿಕಿತ್ಸೆಯ ನಂತರವೂ ಶಾಶ್ವತ ನ್ಯೂನತೆ ಉಳಿದಲ್ಲಿ, ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅನ್ವಯ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲೋಹ ಹಾಕಿದರೆ ಮೂಳೆ ಬೇಗ ಕೂಡುತ್ತದೆಯೇ?
ಉತ್ತರ: ಇಲ್ಲ. ಮೂಳೆಯು ತನ್ನದೇ ಗತಿಯಲ್ಲಿ ಕೂಡುತ್ತದೆ. ಲೋಹವು ಅಲ್ಲಿಯವರೆಗೆ ತುಂಡುಗಳನ್ನು ಸ್ಥಾನದಲ್ಲಿ ಹಿಡಿದಿಡುತ್ತದೆ.

ಪ್ರಶ್ನೆ: ಉಕ್ಕಿಗಿಂತ ಟೈಟಾನಿಯಂ ಉತ್ತಮವೇ?
ಉತ್ತರ: ಎರಡೂ ಬಳಕೆಯಲ್ಲಿವೆ. ಎಂ.ಆರ್.ಐ. ಚಿತ್ರದಲ್ಲಿ ಟೈಟಾನಿಯಂನಿಂದ ಅಡಚಣೆ ಕಡಿಮೆ. ಆದರೆ ಫಲಿತಾಂಶವು ಮುಖ್ಯವಾಗಿ ಮುರಿತದ ಸ್ವರೂಪ, ಜೋಡಣೆಯ ನಿಖರತೆ ಮತ್ತು ವ್ಯಾಯಾಮವನ್ನು ಅವಲಂಬಿಸಿದೆ.

ಪ್ರಶ್ನೆ: ಎಲ್ಲರೂ ಲೋಹವನ್ನು ತೆಗೆಸಲೇಬೇಕೇ?
ಉತ್ತರ: ಬೇಕಾಗಿಲ್ಲ. ವಯಸ್ಕರಲ್ಲಿ ತೊಂದರೆ ಕೊಡದ ಲೋಹವನ್ನು ಹಾಗೆಯೇ ಬಿಡಬಹುದು. ತೆಗೆಸುವುದಾದಲ್ಲಿ ಸಾಮಾನ್ಯವಾಗಿ ಮೂಳೆ ಪೂರ್ಣವಾಗಿ ಕೂಡಿದ ನಂತರವೇ ತೆಗೆಸಬೇಕು.

ಸೂಚನೆ: ಮೇಲ್ಕಂಡ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇದು ತಜ್ಞ ವೈದ್ಯರ ಪರೀಕ್ಷೆ ಹಾಗೂ ಸಲಹೆಗೆ ಪರ್ಯಾಯವಲ್ಲ. ಮೊಣಕೈಗೆ ಪೆಟ್ಟಾದ ಪ್ರತಿಯೊಬ್ಬರೂ ವಿಳಂಬ ಮಾಡದೆ ಹತ್ತಿರದ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಕೋರಲಾಗಿದೆ.